ಕಂಪ್ರೆಸರ್ ಕೊಳ್ಳೋ ಮುಂಚೆ ಮೈಕ್ ಹತ್ತಿರ ಬನ್ನಿ

ಮನೆಯಲ್ಲೇ ಹಾಡು, ಕಥೆ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡೋಕೆ ಹೊರಟ ಕೇಳುಗರು ಸಾಮಾನ್ಯವಾಗಿ ಕೇಳೋ ಪ್ರಶ್ನೆ: "ಯಾವ ಕಂಪ್ರೆಸರ್ ತಗೊಳ್ಳಲಿ?" ನನ್ನ ಉತ್ತರ, ಸದ್ಯಕ್ಕೆ ಯಾವುದೂ ಬೇಡ.

ಕಂಪ್ರೆಸರ್ ಮಾಡೋದಿಷ್ಟೇ: ನಾವು ಗೊತ್ತುಮಾಡಿದ ಮಿತಿ ದಾಟಿದ ದನಿಯನ್ನು ತಗ್ಗಿಸುತ್ತೆ. ಅನುಪಾತ 4:1 ಅಂತಿಟ್ಟರೆ, ಮಿತಿಗಿಂತ 12 ಡೆಸಿಬೆಲ್ ಮೇಲೆ ಹೋದ ದನಿ ಬರೀ 3 ಡೆಸಿಬೆಲ್ ಮೇಲಿದ್ದಂತೆ ಹೊರಬರುತ್ತೆ. 9 ಡೆಸಿಬೆಲ್ ಕಡಿತ. ದನಿ ತಗ್ಗಿತಲ್ಲ ಅಂತ ಆಮೇಲೆ ನಾವು ಒಟ್ಟು ವಾಲ್ಯೂಮನ್ನು 9 ಡೆಸಿಬೆಲ್ ಏರಿಸ್ತೀವಿ. ಎಡವಟ್ಟಾಗೋದು ಇಲ್ಲೇ. ಮಾತು ನಿಂತಾಗ ಕಡಿತ ಇರಲ್ಲ, ಏರಿಸಿದ್ದು ಮಾತ್ರ ಇರುತ್ತೆ. ಹೀಟರಿನ ಗುಂಯ್ ಸದ್ದು, ಫ್ರಿಜ್ಜು, ಖಾಲಿ ಗೋಡೆಯ ಮಾರ್ದನಿ ಎಲ್ಲ ಮೇಲೆದ್ದು ಬರುತ್ತೆ. ದುಡ್ಡು ಕೊಟ್ಟು ಗದ್ದಲ ಕೊಂಡ ಹಾಗೆ!

ಅದರ ಬದಲು ಮೈಕನ್ನು 30 ಸೆಂಟಿಮೀಟರಿನಿಂದ 15ಕ್ಕೆ ತನ್ನಿ. ದೂರ ಅರ್ಧವಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತೆ. ಪೈಸೆ ಖರ್ಚಿಲ್ಲ. ಬಾಯಿಗೆ ನೇರ ಬೇಡ, ಚೂರು ಓರೆಯಾಗಿಡಿ. ನಮ್ಮ ಪ, ಫ, ಭಗಳ ಗಾಳಿ ಮೈಕಿಗೆ ಗುದ್ದುತ್ತೆ.

"ದೊಡ್ಡ ಸ್ಟುಡಿಯೋಗಳಲ್ಲಿ 1176, ಎಲ್‌ಎ-2ಎ ಇಟ್ಕೊಂಡಿರ್ತಾರಲ್ಲ?" ಹೌದು, ಅದ್ಭುತ ಯಂತ್ರಗಳು. ಆದರೆ ಅವು 1960ರ ದಶಕದವು. ಆಗಿನ ಟೇಪಿಗೆ ತನ್ನದೇ ಹಿಸ್ ಸದ್ದಿತ್ತು, ಮೆಲುದನಿ ಅದರಲ್ಲಿ ಮುಳುಗದಂತೆ ನೋಡ್ಕೋಬೇಕಿತ್ತು. ಇವತ್ತು 24 ಬಿಟ್ ರೆಕಾರ್ಡಿಂಗಿನಲ್ಲಿ, ಲೆಕ್ಕದ ಪ್ರಕಾರ, 144 ಡೆಸಿಬೆಲ್ ಹರವಿದೆ. ಅತಿ ಜೋರು ಮಾತು ಮೀಟರಿನಲ್ಲಿ ಮೈನಸ್ 12 ದಾಟದಂತೆ ಇಟ್ಟರೆ ಆಯ್ತು.

ನಾನಿದನ್ನು ಕಲಿತದ್ದು ತಡವಾಗಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಕಥೆ ರೆಕಾರ್ಡ್ ಮಾಡಿದ್ದೆ. ಹೊಸ ಮಿಕ್ಸರು, ಅದರೊಳಗಿನ ಕಂಪ್ರೆಸರನ್ನು ಜೋರಾಗಿ ತಿರುಗಿಸಿಟ್ಟಿದ್ದೆ. ರಾಕ್ಷಸ ಬಂದಾಗ ಅಜ್ಜಿ ದನಿ ಏರಿಸೋರು, ಗುಟ್ಟು ಹೇಳುವಾಗ ಪಿಸುಗುಡೋರು. ಫೈಲಿನಲ್ಲಿ ಎರಡೂ ಒಂದೇ ಮಟ್ಟ, ನಡುನಡುವೆ ಫ್ಯಾನಿನ ಏದುಸಿರು. ಆಮೇಲೆ ಸಾಫ್ಟ್‌ವೇರಿನಲ್ಲಿ ಹಾಕಿದ್ದರೆ ತೆಗೀಬಹುದಿತ್ತು. ರೆಕಾರ್ಡ್ ಆಗುವಾಗಲೇ ಹಾಕಿದ್ದನ್ನು ಬಿಡಿಸೋಕಾಗಲಿಲ್ಲ. ಅಜ್ಜಿ ಈಗಿಲ್ಲ.

ಕಂಪ್ರೆಷನ್ನೇ ಬೇಡ ಅಂತಲ್ಲ. ಕಾರಲ್ಲಿ ಕೇಳೋರಿಗೆ ಅದಿಲ್ಲದಿದ್ದರೆ ಅರ್ಧ ಮಾತು ಕೇಳಿಸಲ್ಲ. ಆದರೆ ಅದು ಎಡಿಟಿಂಗ್ ಹೊತ್ತಿನ ಕೆಲಸ, ಪುಕ್ಕಟೆ ಸಿಗೋ ಆಡಾಸಿಟಿಯಲ್ಲೇ ಇದೆ. 2:1ರಿಂದ ಶುರುಮಾಡಿ, 3-4 ಡೆಸಿಬೆಲ್ ಕಡಿತ ಸಾಕು. ಮೂಲ ಫೈಲನ್ನು ಮಾತ್ರ ಮುಟ್ಟದೆ ಬೇರೆ ಕಡೆ ಇಟ್ಟಿರಿ.