ಬೀದಿದೀಪದ ಕೆಳಗಿನ ರೆಕ್ಕೆಗಳು

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬೀದಿದೀಪದ ಸುತ್ತ ಹುಳುಗಳ ಜಾತ್ರೆ. ಮರುದಿನ ಬೆಳಿಗ್ಗೆ ಹುಳುಗಳಿರುವುದಿಲ್ಲ. ಜಗಲಿಯ ತುಂಬ, ಕಿಟಕಿಯ ಸಂದಿಯಲ್ಲಿ ತೆಳ್ಳನೆಯ ರೆಕ್ಕೆಗಳ ರಾಶಿ ಮಾತ್ರ ಬಿದ್ದಿರುತ್ತದೆ. ಅಮ್ಮ ಪೊರಕೆ ತರುವಷ್ಟರಲ್ಲಿ ಮಗು ಒಂದು ಹಿಡಿ ರೆಕ್ಕೆ ಬಾಚಿ ಬೆಂಕಿಪೊಟ್ಟಣಕ್ಕೆ ತುಂಬಿರುತ್ತದೆ. 'ಥೂ, ಎಸಿ ಅದನ್ನ' ಎನ್ನುವ ಮೊದಲು ಒಂದು ಗಳಿಗೆ ತಡೆಯುವುದು ಒಳ್ಳೆಯದು. ಆ ಪೊಟ್ಟಣದಲ್ಲಿ ಒಂದು ಚಿತ್ರವಿದೆ.

ಇವು ರೆಕ್ಕೆ ಬಂದ ಗೆದ್ದಲುಗಳು. ಒಂದೊಂದಕ್ಕೂ ಸಮಾನ ಅಳತೆಯ ನಾಲ್ಕು ರೆಕ್ಕೆ. ಹಾರಾಟ ಮುಗಿದೊಡನೆ ಅವನ್ನು ತಾವೇ ಕಳಚಿ, ಗಂಡು ಹೆಣ್ಣು ಜೋಡಿಯಾಗಿ ಹೊಸ ಗೂಡಿಗೆ ಮಣ್ಣು ಹುಡುಕುತ್ತವೆ. ಡಾಂಬರು, ಸಿಮೆಂಟು ಹಾಸಿದ ನಗರದಲ್ಲಿ ಮಣ್ಣು ಸಿಗುವುದು ಕಷ್ಟ. ಕೀಟ ಮತ್ತು ನಗರದ ಕಥೆ ಇಷ್ಟರಲ್ಲೇ ಇದೆ.

ಬಣ್ಣದ ಜತೆಗೆ ಕಾಗದ, ಬಟ್ಟೆ, ದಾರ ಮುಂತಾದ ವಸ್ತುಗಳನ್ನೂ ಬಳಸಿ ಮಾಡುವ ಚಿತ್ರವೇ ಮಿಶ್ರ ಮಾಧ್ಯಮ ಚಿತ್ರ. 1912ರಲ್ಲಿ ಪಿಕಾಸೊ, ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ. 1953ರಲ್ಲಿ ಫ್ರಾನ್ಸಿನ ಜಾನ್ ದ್ಯುಬುಫೆ ಚಿಟ್ಟೆಯ ರೆಕ್ಕೆಗಳನ್ನೇ ಅಂಟಿಸಿ ಚಿತ್ರ ಮಾಡಿದ. ಮಕ್ಕಳು ಇದಕ್ಕಾಗಿ ಚಿಟ್ಟೆ ಹಿಡಿಯಬೇಕಾಗಿಲ್ಲ. ಬಿದ್ದ ರೆಕ್ಕೆ ಸಾಕು.

ಮಾಡುವ ಕ್ರಮ ಸರಳ, ಆದರೆ ಹಿಂದುಮುಂದಾಗಬಾರದು. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಮೊದಲು ಹಳದಿ ಮೇಣದ ಕ್ರೇಯಾನ್‌ನಿಂದ ದೀಪವನ್ನೂ ಅದರ ಸುತ್ತ ಬೆಳಕಿನ ಬಳೆಗಳನ್ನೂ ಬರೆಯಬೇಕು. ಬಳೆಗಳ ನಡುವೆ ಖಾಲಿ ಜಾಗವಿರಲಿ. ಅದರ ಮೇಲೆ ಕಡು ನೀಲಿ ಜಲವರ್ಣ ಬಳಿದರೆ, ಮೇಣ ನೀರನ್ನು ಹಿಡಿಯದ ಕಾರಣ ರಾತ್ರಿಯ ನಡುವೆ ಬೆಳಕು ತಾನಾಗಿ ಮೂಡುತ್ತದೆ. ಒಣಗಿದ ಮೇಲೆ ಹಳೆಯ ಪತ್ರಿಕೆಯನ್ನು ಉದ್ದುದ್ದ ಹರಿದು ಕಟ್ಟಡಗಳಾಗಿ ಅಂಟಿಸಬೇಕು. ಚಾಕೊಲೇಟಿನ ಬೆಳ್ಳಿ ಕಾಗದ ಕಿಟಕಿಯಾಗುತ್ತದೆ. ಕಪ್ಪು ದಾರ ವಿದ್ಯುತ್ ತಂತಿಯಾಗುತ್ತದೆ. ಪತ್ರಿಕೆಯ ಕಾಗದ ಕ್ರಮೇಣ ಹಳದಿಯಾದರೆ ಚಿಂತೆಯಿಲ್ಲ, ಗೋಡೆಗೂ ವಯಸ್ಸಾಗುತ್ತದೆ. ಮೈದಾ ಅಂಟು ಬೇಡ. ಅದನ್ನು ತಿನ್ನಲು ಜಿರಳೆ ಬಂದೀತು. ತುಸು ನೀರು ಬೆರೆಸಿದ ಫೆವಿಕಾಲ್ ಸಾಕು. ಹಾಳೆ ಮುದುರದಂತೆ, ಅಂಟು ಒಣಗಿದ ಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಬೇಕು.

ರೆಕ್ಕೆಗಳದು ಕೊನೆಯ ಸರದಿ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಅಂಟು ತೆಗೆದು ರೆಕ್ಕೆಯ ಬುಡಕ್ಕೆ ಮಾತ್ರ ತಾಗಿಸಬೇಕು. ಪೂರ್ತಿ ಬಳಿದರೆ ಅದರ ಹೊಳಪು ಸಾಯುತ್ತದೆ. ಮೇಣದ ಮೇಲೆ ಅಂಟು ನಿಲ್ಲದು. ಬಳೆಗಳ ನಡುವೆ ಬಿಟ್ಟ ಜಾಗ ಇದಕ್ಕಾಗಿಯೇ.

ಹುಳುಗಳನ್ನು ಬರೆಯುವಾಗ ಸಾಮಾನ್ಯವಾಗಿ ಮಕ್ಕಳು ಅವು ದೀಪಕ್ಕೆ ತಲೆಯಿಟ್ಟು ನುಗ್ಗುವಂತೆ ಬರೆಯುತ್ತಾರೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ಹೇಳುತ್ತದೆ. ಪತಂಗ, ಏರೋಪ್ಲೇನ್ ಚಿಟ್ಟೆ ಮುಂತಾದವುಗಳ ಹಾರಾಟವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದಾಗ, ಅವು ಬೆಳಕಿನ ಕಡೆಗೆ ಬೆನ್ನು ತಿರುಗಿಸುವುದು ಕಂಡಿತು. ಕೋಟ್ಯಂತರ ವರ್ಷಗಳಿಂದ ಬೆಳಕೆಂದರೆ ಆಕಾಶ. ಬೆನ್ನು ಆಕಾಶಕ್ಕಿದ್ದರೆ ಹಾರಾಟ ನೆಟ್ಟಗೆ. ದೀಪವನ್ನೇ ಆಕಾಶವೆಂದು ತಿಳಿದ ಹುಳು ಅದಕ್ಕೆ ಬೆನ್ನು ಕೊಟ್ಟು ಸುತ್ತುತ್ತಲೇ ಉಳಿಯುತ್ತದೆ. ದೀಪಕ್ಕೆ ಬೆನ್ನು ಮಾಡಿದ ಹುಳುವನ್ನು ಬರೆದರೆ ಚಿತ್ರ ನಿಜಕ್ಕೆ ಹತ್ತಿರವಾಗುತ್ತದೆ.

ಹೀಗೆ ನೋಡಿ ಬರೆಯುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬಾಕೆ 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳೊಡನೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. 1705ರ ಆಕೆಯ ಗ್ರಂಥದಲ್ಲಿ ಕೀಟಗಳು ಗಿಡಗಳ ಮೇಲೆ, ಮೊಟ್ಟೆ, ಕಂಬಳಿಹುಳು, ಕೋಶ ಸಹಿತ ಇವೆ. ನಗರದ ಮಕ್ಕಳಿಗೆ ಅಷ್ಟು ದೂರದ ಪಯಣ ಬೇಡ. ಕುಂಡದ ಕರಿಬೇವಿನಲ್ಲಿ ನಿಂಬೆ ಚಿಟ್ಟೆಯ ಮರಿ ಸಿಕ್ಕೀತು. ಖಾಲಿ ಸೈಟಿನ ಎಕ್ಕದ ಗಿಡದಲ್ಲಿ ಹುಲಿ ಚಿಟ್ಟೆಯ ಮರಿ ಸಿಕ್ಕೀತು. ಗಿಡ ಹೋದರೆ ಚಿಟ್ಟೆಯೂ ಇಲ್ಲ ಎಂಬ ಪಾಠಕ್ಕೆ ಬೇರೆ ಪುಸ್ತಕ ಬೇಕಿಲ್ಲ.

ತಂದೆತಾಯಂದಿರು ಗಮನಿಸಬೇಕಾದ್ದು ಇಷ್ಟೇ. ಪರಿಸರದ ಚಿತ್ರಸ್ಪರ್ಧೆಗಳಲ್ಲಿ ಕಣ್ಣೀರಿಡುವ ಭೂಮಿ, ಕೊಡಲಿ, ಕಡಿದ ಮರ ಬಾಯಿಪಾಠದಂತೆ ಮರುಕಳಿಸುತ್ತವೆ. ಬಹುಮಾನ ಅದಕ್ಕೇ ಸಿಗಲೂಬಹುದು. ಆದರೆ ಸ್ವಂತ ಕಣ್ಣಿನಿಂದ ಕಂಡು, ಅಂಟು ಮೆತ್ತಿದ ಕೈಯಿಂದ ಮಾಡಿದ ಚಿತ್ರ ಮಗುವಿನದೇ. ಅದರ ಗೆರೆ ತಿದ್ದಲು ಹೋಗಬಾರದು.

ಮುಂದಿನ ಮಳೆಯ ಸಂಜೆ, 'ಹೊರಗಿನ ದೀಪ ಸ್ವಲ್ಪ ಹೊತ್ತು ಆರಿಸೋಣ, ಅವು ಮಣ್ಣು ಹುಡುಕಿಕೊಳ್ಳಲಿ' ಎಂದು ಮಗು ಕೇಳಿದರೆ, ಆರಿಸಿಬಿಡಬೇಕು. ಚಿತ್ರ ಚೆನ್ನಾಗಿ ಬಂದಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.