ಮೊದಲ ಸಾವಿಗೆ ಮುನ್ನವೇ ಎಣ್ಣೆ ಬರಲಿ

ರಾಜ್ಯದ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ



ಹೇಳಿ ಬರುವ ಸಾಂಕ್ರಾಮಿಕ ರೋಗಗಳು ಕಡಿಮೆ. ಮಲೆನಾಡಿನ ಮಂಗನ ಕಾಯಿಲೆ ಅಂಥವುಗಳಲ್ಲೊಂದು. ಮಳೆ ನಿಂತು ಕಾಡಿನ ನೆಲ ಒಣಗುತ್ತಿದ್ದಂತೆ ಅದನ್ನು ಹರಡುವ ಉಣುಗಿನ ಮರಿಗಳು ಚುರುಕಾಗುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಜ್ವರದ ಕಾಲ. ಅಡಕೆ ಕೊಯ್ಲು, ಸೌದೆ ಕೂಡಿಡುವುದು, ಕೊಟ್ಟಿಗೆಗೆ ದರಕು ಗುಡಿಸಿ ತರುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಆರು ದಶಕ ಕಳೆದರೂ ರೋಗ ಈ ವೇಳಾಪಟ್ಟಿ ತಪ್ಪಿಸಿಲ್ಲ. ಸರ್ಕಾರದ ಜೀಪು ಮಾತ್ರ ಮೊದಲ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಊರಿಗೆ ಬರುತ್ತದೆಂಬುದು ಅಲ್ಲಿಯವರ ಹಳೆಯ ದೂರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಹಾಸಿಗೆ ಹಿಡಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ, ಸಿಕ್ಕಿದ್ದು ಹೊಸದೇ ವೈರಸ್. ಇಂದಿಗೂ ಅದಕ್ಕೆ ನಿರ್ದಿಷ್ಟ ಔಷಧವಿಲ್ಲ. ವರ್ಷಕ್ಕೆ ನಾನೂರರಿಂದ ಐನೂರು ಮಂದಿಗೆ ತಗಲುತ್ತದೆಂಬ ಅಂದಾಜಿದೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಬೆಂಗಳೂರಿನ ಡೆಂಗಿಯ ಮುಂದೆ ಇದು ಸಣ್ಣ ಸಂಖ್ಯೆಯೇ. ಬಹುಶಃ ಅದೇ ಮಲೆನಾಡಿನವರ ದುರದೃಷ್ಟ.

ಕಾಡು ಕಡಿದಲ್ಲಿ ರೋಗ ಸಿಡಿದೆದ್ದ ಉದಾಹರಣೆಯೂ ಇದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಸವರಿದ ಬೆನ್ನಿಗೇ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ ಎಂದು ವೈರಸ್ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾಲು ಸಾವುಗಳು ತಮ್ಮ ಇಲಾಖೆಯ ಕಡತಗಳಲ್ಲೇ ಇವೆ.

ಈ ರೋಗಕ್ಕೆ ಲಸಿಕೆಯೊಂದಿತ್ತು. ಹೆಬ್ಬಾಳದ ಸರ್ಕಾರಿ ಪಶು ಆರೋಗ್ಯ ಸಂಸ್ಥೆಯಲ್ಲೇ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ಬಳಿಕ ಬೂಸ್ಟರ್, ಮುಂದೆ ವರ್ಷವರ್ಷವೂ ಮತ್ತೊಂದು. 2005ರಿಂದ 2010ರವರೆಗಿನ ದಾಖಲೆಗಳ ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಸುಮಾರು ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ. ಆದರೆ ಚುಚ್ಚಿದ ತೋಳಿನ ನೋವು ನೆನೆದು ಎಷ್ಟೋ ಮಂದಿ ಎರಡನೇ ಸಲ ಬರಲೇ ಇಲ್ಲ. ಅವರನ್ನು ದೂರಿ ಫಲವಿಲ್ಲ: ಲಸಿಕೆಯ ಸತ್ವವೇ ಕುಂದಿದ್ದು ಪರೀಕ್ಷೆಯಲ್ಲಿ ಗೊತ್ತಾಗಿ, 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದನ್ನು ಸಿದ್ಧಪಡಿಸುತ್ತಿವೆ. ಅದು ಬಂದಾಗ ತೋಳೊಡ್ಡುವವರು ಬೇಕಾದರೆ, ಹಳೆಯದಕ್ಕೆ ಏನಾಯಿತೆಂಬುದನ್ನು ಸರ್ಕಾರ ಈಗಲೇ ಜನರ ಮುಂದೆ ಬಿಚ್ಚಿಡಬೇಕು.

ಅಲ್ಲಿಯವರೆಗೆ ಉಳಿದಿರುವುದು ಡೇಪಾ ಎಣ್ಣೆ. ಕಾಡಿಗೆ ಹೋಗುವ ಮುನ್ನ ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡರೆ ಉಣುಗು ಹತ್ತಿರ ಸುಳಿಯುವುದಿಲ್ಲ. ಮರಳಿ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕೆಂದು ಕರಪತ್ರ ಹೇಳುತ್ತದೆ. ಆ ನೀರು ಕಾಯಿಸುವ ಸೌದೆಗೂ ಕಾಡಿಗೇ ಹೋಗಬೇಕೆಂಬುದು ಕರಪತ್ರ ಬರೆದವರಿಗೆ ಹೊಳೆದಿರಲಿಕ್ಕಿಲ್ಲ! ಎಣ್ಣೆ ಉಚಿತ, ನಿಜ. ಜನವರಿ ಕೊನೆಗೆ ಸಿಕ್ಕರೆ ಅರ್ಧ ಕೊಯ್ಲು ಮುಗಿದಿರುತ್ತದೆ. ತೋಟದ ಕೂಲಿಗೆ ಹೊರಗಿನಿಂದ ಬಂದವರ ಹೆಸರು ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಇರುವುದಿಲ್ಲ.

ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ, ಆ ಜಾಗ ಅಪಾಯದ ತಾಣವಾಗುತ್ತದೆ. ಸುತ್ತ ಮೆಲಾಥಿಯಾನ್ ಕೀಟನಾಶಕದ ಪುಡಿ ಉದುರಿಸುವುದು ಅದಕ್ಕೇ. ಸತ್ತ ಮಂಗವನ್ನು ಮೊದಲು ನೋಡುವವರು ದನ ಕಾಯುವವರು, ಸೊಪ್ಪಿನ ಬೆಟ್ಟಕ್ಕೆ ಹೋದವರು. ಆದರೆ ಹೇಳಿದರೆ ಅರಣ್ಯ ಇಲಾಖೆಯವರು ‘ನೀನೇಕೆ ಅಲ್ಲಿಗೆ ಹೋಗಿದ್ದೆ’ ಎಂದು ಕೇಳಿಯಾರೆಂಬ ಅಳುಕು ಅವರಿಗೆ. ದನದ ಮೈಮೇಲೆ ಉಣುಗು ಕೊಟ್ಟಿಗೆಗೆ ಬಂದರೆ ಅದು ಪಶುಪಾಲನಾ ಇಲಾಖೆಯ ಪಾಲು. ಮೂರು ಇಲಾಖೆಗಳು, ಒಂದೇ ಉಣುಗು.

ಹಾಗಾಗಿ ಕೇಳುವುದು ಇಷ್ಟೇ. ದೀಪಾವಳಿಯೊಳಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಣ್ಣೆಯ ದಾಸ್ತಾನು ಎಷ್ಟಿದೆಯೆಂದು ಬಾಗಿಲಲ್ಲೇ ಬರೆಸಿ. ಮಂಗ ಸತ್ತ ಸುದ್ದಿ ಕೊಟ್ಟವರನ್ನು ಯಾರೂ ಪ್ರಶ್ನಿಸಬಾರದೆಂದು ಅರಣ್ಯ ಸಚಿವರೊಡನೆ ಕೂತು ಜಂಟಿ ಆದೇಶ ಹೊರಡಿಸಿ. ಶಂಕಿತ ಜ್ವರದ ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯ ಸೇರಿ ವರದಿ ರೋಗಿಯ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತಿದೆ ಎಂಬ ಲೆಕ್ಕವನ್ನು ಪ್ರತಿ ವಾರ ಪ್ರಕಟಿಸಿ. ಮುಂದಿನ ಸಲ ತಾವು ಮಲೆನಾಡಿಗೆ ಬರುವುದಿದ್ದರೆ ಅಕ್ಟೋಬರ್‌ನಲ್ಲಿ ಬನ್ನಿ. ಫೆಬ್ರುವರಿಯಲ್ಲಿ ಸಾಂತ್ವನ ಹೇಳಲು ಬರುವವರು ಬೇಕಾದಷ್ಟು ಮಂದಿ ಇದ್ದಾರೆ.