ಇತಿಹಾಸ ಸಂಘಕ್ಕೊಂದು ವಹಿ ಬೇಕು

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇತಿಹಾಸ ಸಂಘ ಹುಟ್ಟುವುದಕ್ಕೆ ಸಾಮಾನ್ಯವಾಗಿ ಎರಡರಲ್ಲೊಂದು ಕಾರಣವಿರುತ್ತದೆ. ಯಾರದೋ ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಸಿಕ್ಕಿರುತ್ತದೆ, ಇಲ್ಲವೇ ರಸ್ತೆ ಅಗಲ ಮಾಡಲು ಕೋಟೆ ಬಾಗಿಲನ್ನೋ ಹಳೆಯ ಛತ್ರವನ್ನೋ ಕೆಡವಿರುತ್ತಾರೆ. ನಿವೃತ್ತ ಮೇಷ್ಟರು, ಒಬ್ಬ ವಕೀಲರು, ಫೋಟೊ ಸ್ಟುಡಿಯೊದವರು, ಸಾಹಿತ್ಯ ಪರಿಷತ್ತಿನ ಚುನಾವಣೆಯಲ್ಲಿ ಸೋತ ಒಬ್ಬಿಬ್ಬರು ಸೇರುತ್ತಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಬೈಲಾ ಸಿದ್ಧವಾಗುತ್ತದೆ, ಶಾಸಕರು ದೀಪ ಹಚ್ಚುತ್ತಾರೆ. ಎರಡನೆಯ ವರ್ಷಕ್ಕೆ ಲೆಕ್ಕಪತ್ರ ಸಲ್ಲಿಸುವುದೇ ಸಂಘದ ದೊಡ್ಡ ಕೆಲಸವಾಗುತ್ತದೆ. ಇನ್ನೆರಡು ವರ್ಷ ಕಳೆದರೆ ಕೊಠಡಿಯ ಬೀಗದಕೈ ಯಾರ ಹತ್ತಿರ ಇದೆ ಎಂಬುದೊಂದೇ ಚರ್ಚೆ.

ಇಂಥ ಸಂಘಗಳು ಯಾಕಾದರೂ ಬೇಕು ಎಂದು ಕೇಳುವವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರಾಜ್ಯದ ಪುರಾತತ್ವ ಇಲಾಖೆ ಇದೆ, ಕೇಂದ್ರದ್ದು ಬೇರೆ ಇದೆ, ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ ವಿಭಾಗಗಳಿವೆ. ಹವ್ಯಾಸಿಗಳ ಉತ್ಸಾಹ ಮಾಡಿದ ಅನಾಹುತಗಳೂ ಕಣ್ಣೆದುರಿಗೇ ಇವೆ: ಅಕ್ಷರ ಎದ್ದು ಕಾಣಲಿ ಎಂದು ಶಾಸನಕ್ಕೆ ಬಳಿದ ಎನಾಮಲ್ ಬಣ್ಣ, ಆಸಿಡ್ ಹಾಕಿ ತಿಕ್ಕಿದ ಕಂಬ, ವೀರಗಲ್ಲಿನ ಸುತ್ತ ಭಕ್ತಿಯಿಂದ ಕಟ್ಟಿಸಿದ ಸಿಮೆಂಟ್ ಕಟ್ಟೆಯೊಳಗೆ ಹೂತುಹೋದ ಕೊನೆಯ ಎರಡು ಸಾಲು. ಬರವಣಿಗೆಯಲ್ಲಿ ಆಗುವ ಹಾನಿ ಇದಕ್ಕಿಂತ ಹೆಚ್ಚು. ನಮ್ಮೂರಿನ ಕೆರೆ ಪಾಂಡವರು ತೋಡಿದ್ದು, ನಮ್ಮ ಮನೆತನ ಗಂಗರ ಸೇನಾಪತಿಯ ವಂಶದ್ದು ಎಂಬ ಹೆಮ್ಮೆ ಒಮ್ಮೆ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತೆಂದರೆ ಮುಂದೆ ಬರೆಯುವವರಿಗೆಲ್ಲ ಅದೇ ಆಧಾರ.

ಆದರೆ ಕರ್ನಾಟಕದ ಹಿಂದಿನದನ್ನು ಬೆಳಕಿಗೆ ತಂದವರನ್ನು ನೆನೆದುಕೊಂಡರೆ ಬೇರೆ ಕೆಲಸಕ್ಕೆ ಬಂದು ಈ ಗೀಳು ಹಚ್ಚಿಕೊಂಡವರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಬಿ. ಎಲ್. ರೈಸ್ ಶಿಕ್ಷಣ ಇಲಾಖೆಯವರು. ಶಾಲೆಗಳ ತಪಾಸಣೆಗೆ ಊರೂರು ಸುತ್ತುತ್ತ ಕಲ್ಲುಗಳ ಮುಂದೆ ನಿಂತರು. ಕೊನೆಗೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು, ಸುಮಾರು 9,000 ಶಾಸನಗಳು ಹೊರಬಂದವು. ಆಲೂರು ವೆಂಕಟರಾಯರು ವಕೀಲರು. 1905ರಲ್ಲಿ ಹಂಪಿ ನೋಡಿ ಬಂದವರಿಗೆ ಕಕ್ಷಿದಾರರು ರುಚಿಸಲಿಲ್ಲ. 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು, 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು. ಕೊಡಗಿನ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್.

ಈ ಕೊನೆಯ ಸಂಗತಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬೀಡನ್ ಕಂಡ, ಓದಲಿಲ್ಲ. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಕಾಣುವುದು ಬೇರೆ ಕೆಲಸ, ಓದುವುದು ಬೇರೆ ಕೆಲಸ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು. ಕಂಡವನೇ ಓದುವವನೂ ಆಗಿ, ತೀರ್ಪು ಕೊಡುವವನೂ ಆಗಿ, ಪತ್ರಿಕಾಗೋಷ್ಠಿಯನ್ನೂ ಕರೆದಾಗ ಎಡವಟ್ಟು ಶುರುವಾಗುತ್ತದೆ. ಊರಿನ ಸಂಘ ಕಾಣುವ ಮತ್ತು ಕೇಳುವ ಕೆಲಸವನ್ನು ಹಿಡಿದುಕೊಂಡರೆ ಅದರ ಜಾಗವನ್ನು ಯಾವ ಇಲಾಖೆಯೂ ತುಂಬಲಾರದು. ನನ್ನ ವಾದ ಇಷ್ಟೇ, ಆದರೆ ಇದರಿಂದ ಹೊರಡುವ ಮಾತುಗಳು ಹಲವರಿಗೆ ಹಿಡಿಸಲಿಕ್ಕಿಲ್ಲ.

ಪರಿಣತರಿಗೆ ತಿಳಿಯದ್ದು ಒಂದಿದೆ: ಯಾರ ಮನೆಯ ಅಟ್ಟದಲ್ಲಿ ಏನಿದೆ ಎಂಬುದು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ಒಪ್ಪಿಸಬೇಕಾದ ದಫ್ತರ ಒಪ್ಪಿಸಿದ ಮೇಲೂ ಎಷ್ಟೋ ಕಾಗದ ಮನೆಗಳಲ್ಲೇ ಉಳಿಯಿತು. ಮೋಡಿ ಲಿಪಿಯ ಪತ್ರಗಳು, ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಳಿದ ಬಟ್ಟೆಯ ಕಡತಗಳು, ಬರದ ವರ್ಷ ಯಾರ ಕಂದಾಯ ಎಷ್ಟು ಬಾಕಿ ಉಳಿಯಿತು ಎಂಬ ಲೆಕ್ಕ. ಅಣ್ಣತಮ್ಮಂದಿರು ಪಾಲಾಗುವ ದಿನ ಹಂಡೆಗೆ, ಕೊಪ್ಪರಿಗೆಗೆ ಜಗಳವಾಗುತ್ತದೆ. ಕಾಗದಕ್ಕಾಗಿ ಯಾರೂ ಜಗಳವಾಡುವುದಿಲ್ಲ, ಅದು ತೂಕಕ್ಕೆ ಹೋಗುತ್ತದೆ. ಆ ಮನೆ ಇಂಥ ತಿಂಗಳು ಪಾಲಾಗುತ್ತಿದೆ ಎಂಬ ಸುದ್ದಿ ಮೈಸೂರಿನ ಕಚೇರಿಗೆ ಮುಟ್ಟುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಯವರಿಗೆ ಗೊತ್ತಿರುತ್ತದೆ. ಅವರು ಸಂಘದ ಸದಸ್ಯರಾಗಿದ್ದರೆ ಸಂಘಕ್ಕೂ ಗೊತ್ತಾಗುತ್ತದೆ.

ಊರವರನ್ನೇ ಕೇಳಬೇಕೆಂಬುದು ಹೊಸ ವಿಚಾರವೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಇಳಿದ ಕಾಲಿನ್ ಮೆಕೆಂಜಿ, ಕಾವಲಿ ಸೋದರರಂಥ ಸಹಾಯಕರನ್ನು ಕಳಿಸಿ ಊರುಗಳ ಪೂರ್ವೋತ್ತರ ಬರೆಸಿಕೊಂಡ. ಹೀಗೆ ಕೂಡಿದ ಕೈಫಿಯತ್ತುಗಳಲ್ಲಿ ಪುರಾಣ ಬೇಕಾದಷ್ಟಿದೆ, ಉತ್ಪ್ರೇಕ್ಷೆ ಇದೆ, ಇನಾಮು ಉಳಿಸಿಕೊಳ್ಳಬೇಕೆಂಬ ಆಸೆಯೂ ಅಲ್ಲಲ್ಲಿ ಇಣುಕುತ್ತದೆ. ಆದರೂ ಕಲಬುರ್ಗಿಯವರಂಥ ವಿದ್ವಾಂಸರು ಅವುಗಳನ್ನು ಸಂಪಾದಿಸಿ ಪ್ರಕಟಿಸಲು ಶ್ರಮಪಟ್ಟರು. ಇದು ಈ ಊರಿನವರು ಹೇಳಿದ್ದು ಎಂಬ ಗುರುತು ಜೊತೆಗಿರುವುದರಿಂದ ಪುರಾಣವನ್ನು ಪುರಾಣವಾಗಿ, ಆಸೆಯನ್ನು ಆಸೆಯಾಗಿ ಓದಿಕೊಳ್ಳಬಹುದು. ಆ ಗುರುತಿಲ್ಲದಿದ್ದರೆ ಉಳಿಯುವುದು ಬರೀ ಕಟ್ಟುಕತೆ.

ನಮ್ಮ ಸಂಘಗಳು ಎಡವುವುದು ಈ ಗುರುತಿನ ವಿಷಯದಲ್ಲೇ. ಅವಕ್ಕೆ ವಸ್ತುಗಳ ಮೋಹ. ಪುರಸಭೆ ಒಂದು ಕೊಠಡಿ ಕೊಟ್ಟ ಕೂಡಲೇ ಬೀಸುವ ಕಲ್ಲು, ಸೇರು, ಪಾವು, ಕಂದೀಲು, ತುಕ್ಕು ಹಿಡಿದ ಕತ್ತಿ, ಯಾರದೋ ಗ್ರಾಮಾಫೋನು ಬಂದು ಕೂರುತ್ತವೆ. ಇದು ಯಾರ ಮನೆಯದು, ಯಾವ ಕೇರಿಯದು, ಕೊಟ್ಟವರು ಯಾರು, ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ತಂದಿಟ್ಟವರ ನೆನಪಿನಲ್ಲಿ ಉತ್ತರ ಇರುತ್ತದೆ, ಅವರು ತೀರಿಕೊಂಡರೆ ಅದೂ ಇಲ್ಲ. ಆಮೇಲೆ ಆ ಕೊಠಡಿಗೂ ಗುಜರಿ ಅಂಗಡಿಗೂ ಇರುವ ವ್ಯತ್ಯಾಸ ಒಂದೇ, ಗುಜರಿಯಲ್ಲಿ ತೂಕದ ಲೆಕ್ಕವಾದರೂ ಇರುತ್ತದೆ.

ಹಾಗಾಗಿ ಸಣ್ಣ ಊರಿನ ಸಂಘ ವಸ್ತು ಕೂಡಿಸುವುದನ್ನು ಕಡಿಮೆ ಮಾಡಿ ವಿವರ ಕೂಡಿಸಲಿ ಎನ್ನುತ್ತೇನೆ. ಕಲ್ಲು ಇದ್ದಲ್ಲೇ ಇರಲಿ. ಹಲ್ಮಿಡಿ ಶಾಸನ ಊರಿನ ವೀರಭದ್ರ ಗುಡಿಯ ಮುಂದೆ ನಿಂತಿತ್ತು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಗುರುತಿಸಿದ ಮೇಲೆ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿ ಈಗಿರುವುದು ಪ್ರತಿಕೃತಿ. ಅಂಥ ಅಪರೂಪದ ಕಲ್ಲಿಗೆ ಅದು ಸರಿಯೇ ಇರಬಹುದು, ಎಲ್ಲ ವೀರಗಲ್ಲಿಗೂ ಆ ನ್ಯಾಯ ಬೇಡ. ಕಾನೂನಿನ ಮಾತೂ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. 1972ರ ಕಾಯ್ದೆಯ ಲೆಕ್ಕದಲ್ಲಿ ನೂರು ವರ್ಷ ಮೀರಿದ ಶಿಲ್ಪ, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿ ಪುರಾವಸ್ತು. ಉತ್ಸಾಹದಲ್ಲಿ ವಿಗ್ರಹ ತಂದು ಕೊಠಡಿಯಲ್ಲಿಟ್ಟುಕೊಂಡ ಕಾರ್ಯದರ್ಶಿಗೆ ಇದು ತಿಳಿಯುವುದು ಪೊಲೀಸರು ಬಂದಾಗ.

ಕೆಳದಿಯ ವಸ್ತುಸಂಗ್ರಹಾಲಯವನ್ನು ನನ್ನ ಮಾತಿಗೆ ವಿರುದ್ಧವಾಗಿ ಎತ್ತಿ ತೋರಿಸಬಹುದು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗುಂಡಾ ಜೋಯಿಸರು ಓಲೆಗರಿ, ಕಾಗದ, ವಸ್ತುಗಳನ್ನು ಕೂಡಿಸಿ ಅಷ್ಟು ದೊಡ್ಡದನ್ನು ಕಟ್ಟಲಿಲ್ಲವೇ? ಕಟ್ಟಿದರು. ಆದರೆ ಅವರಿಗೆ ಆ ಓಲೆ ಓದಲು ಬರುತ್ತಿತ್ತು, ಕೆಳದಿ ಅರಸರ ಇತಿಹಾಸವನ್ನೇ ಜೀವಮಾನದ ಕೆಲಸವಾಗಿ ಹಿಡಿದಿದ್ದರು. ಅಂಥವರು ಪ್ರತಿ ತಾಲ್ಲೂಕಿಗೊಬ್ಬರು ಹುಟ್ಟುವುದಿಲ್ಲ. ಸಂಘದ ನಿಯಮವನ್ನು ಅಸಾಮಾನ್ಯರನ್ನು ನೋಡಿ ಮಾಡಬಾರದು. ವಾರಕ್ಕೆ ಎರಡು ಗಂಟೆ ಬಿಡುವಿರುವ ಸಾಮಾನ್ಯ ಮನುಷ್ಯ ಏನು ಮಾಡಬಲ್ಲ ಎಂದು ನೋಡಿ ಮಾಡಬೇಕು.

ಇನ್ನು ಸಮಾರಂಭಗಳು. ಇತಿಹಾಸ ಸಂಘದ ಕಾರ್ಯಕ್ರಮವೆಂದರೆ ಏನೆಂದು ಓದುಗರಿಗೆ ನಾನು ಹೇಳಬೇಕಿಲ್ಲ: ಫ್ಲೆಕ್ಸು, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ. ಎರಡು ಗಂಟೆಯಲ್ಲಿ ಒಂದೂಕಾಲು ಗಂಟೆ ಸನ್ಮಾನಕ್ಕೆ. ವಿಶೇಷ ಉಪನ್ಯಾಸಕರಿಗೆ ಸಮಯದ ಅಭಾವ. ಮುಂದಿನ ಸಾಲಿನಲ್ಲಿ ಕೂತ ಎಂಬತ್ತೈದರ ಅಜ್ಜಿಗೆ ಊರಿಗೆ ಕರೆಂಟು ಬಂದ ದಿನ ನೆನಪಿದೆ, ಆಕೆಯನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಸನ್ಮಾನ ಬೇಡವೆಂದಲ್ಲ. ಚಂದಾ ಕೊಟ್ಟವರಿಗೆ ಒಂದು ಶಾಲು ಹೊದಿಸದೆ ಸಂಘ ನಡೆಯುವುದಿಲ್ಲ, ಇದು ಗೊತ್ತಿರುವ ವ್ಯವಹಾರ. ಆದರೆ ಇತಿಹಾಸ ಸಂಘದ ಕಾರ್ಯಕ್ರಮ ಮುಗಿದಾಗ ಮೊದಲಿಗಿಂತ ನಾಲ್ಕು ಸಂಗತಿ ಹೆಚ್ಚು ತಿಳಿದಿರಬೇಕು. ತಿಳಿದಿಲ್ಲವಾದರೆ ಅದನ್ನು ಯುವಕ ಸಂಘವೋ ಗಣಪತಿ ಸಮಿತಿಯೋ ಇನ್ನೂ ಚೆನ್ನಾಗಿ ಮಾಡುತ್ತಿತ್ತು.

ಇದಕ್ಕೆ ಮಾದರಿ ಬೇಕಾದರೆ ಹಳೆಯ ಫೋಟೊಗಳ ದಿನವೊಂದನ್ನು ಮಾಡಿ ನೋಡಬಹುದು. 2008ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮೊದಲ ಮಹಾಯುದ್ಧದ ಕಾಗದ, ಚಿತ್ರ, ನೆನಪುಗಳನ್ನು ಹಂಚಿಕೊಳ್ಳಿ ಎಂದು ಜನರನ್ನು ಕೇಳಿಕೊಂಡಿತು. ಕೆಲವೇ ತಿಂಗಳಲ್ಲಿ 6,500ಕ್ಕೂ ಹೆಚ್ಚು ಪ್ರತಿಗಳು ಕೂಡಿದವು, ಮೂಲ ವಸ್ತುಗಳು ಮಾತ್ರ ಅವರವರ ಮನೆಯಲ್ಲೇ ಉಳಿದವು. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಸವಾರರ ಮೊಮ್ಮಕ್ಕಳ ಮನೆಗಳಲ್ಲಿ ಹೀಗೆ ಕೇಳಿದರೆ ಏನೇನು ಹೊರಬರಬಹುದೋ! ಇದಕ್ಕೆ ದೊಡ್ಡ ಬಂಡವಾಳವೂ ಬೇಡ. ಶಾಲೆಯ ಒಂದು ಕೋಣೆ, ಒಂದು ಸ್ಕ್ಯಾನರ್, ಕೂತು ಕೇಳಿ ಬರೆದುಕೊಳ್ಳುವ ನಾಲ್ಕು ಮಂದಿ. ಫೋಟೊ ಕೊಟ್ಟ ಅರ್ಧ ಗಂಟೆಯಲ್ಲಿ ಅವರ ಕೈಗೇ ವಾಪಸು ಹೋಗಬೇಕು. ಇಟ್ಟುಕೊಂಡು ಆಮೇಲೆ ಕೊಡುತ್ತೇವೆ ಎಂದರೆ ಮುಂದಿನ ಸಲ ಯಾರೂ ಬರುವುದಿಲ್ಲ, ಬರಬಾರದು ಕೂಡ. ಚಿತ್ರದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಬೇಕು, ಬಾಲ್‌ಪೆನ್ನಿನ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಶಾಲೆಯ ಹಳೆಯ ಗುಂಪು ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿ ಪಕ್ಕದಲ್ಲೊಂದು ಹಾಳೆ ನೇತುಹಾಕಿದರೆ, ಸಂಜೆಯೊಳಗೆ ಅರ್ಧಕ್ಕರ್ಧ ಹೆಸರು ಸಿಕ್ಕಿರುತ್ತವೆ, ಎರಡು ಜಗಳವೂ ಆಗಿರುತ್ತವೆ. ಆ ಜಗಳವನ್ನೂ ಬರೆದುಕೊಳ್ಳಬೇಕು.

ಸರ್ಕಾರವೂ ಮನಸ್ಸು ಮಾಡಿದರೆ ಇಂಥದ್ದು ಆಗುತ್ತದೆ. 2024ರ ನವೆಂಬರಿನಲ್ಲಿ ಲಕ್ಕುಂಡಿಯಲ್ಲಿ ತಂಡಗಳು ಮನೆಮನೆಗೆ, ಓಣಿ ಓಣಿಗೆ ಹೋದಾಗ ಒಂದೇ ದಿನದಲ್ಲಿ ಸಾವಿರದ ಆಸುಪಾಸಿನಷ್ಟು ಪ್ರಾಚ್ಯಾವಶೇಷಗಳು ಲೆಕ್ಕಕ್ಕೆ ಸಿಕ್ಕವು. ಅದು ಉತ್ಸವವೂ ಹೌದು, ಕೆಲಸವೂ ಹೌದು. ಬಂದವರಿಗೆ ಕುರ್ಚಿಯ ಬದಲು ಕೆಲಸ ಕೊಟ್ಟ ಕಾರ್ಯಕ್ರಮ.

ಕಾರ್ಯಕ್ರಮದ ಹೊತ್ತು ಯಾವುದು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಯಾರ ಇತಿಹಾಸ ಉಳಿಯಬೇಕೆಂಬುದನ್ನು ಅರ್ಧ ಅದೇ ತೀರ್ಮಾನಿಸುತ್ತದೆ. ಸಂಜೆ ಆರೂವರೆಗೆ ಸಭೆ ಕರೆದರೆ ಗಂಡಸರು ಬರುತ್ತಾರೆ, ಕೋಟೆ, ಪಾಳೇಗಾರ, ದೇವಸ್ಥಾನದ ಜೀರ್ಣೋದ್ಧಾರ ಇವಿಷ್ಟು ಇತಿಹಾಸವಾಗುತ್ತದೆ. ಮಧ್ಯಾಹ್ನ ಎರಡೂವರೆಗೆ ಹೆಂಗಸರಿಗೆ ಬಿಡುವು. ಹೆರಿಗೆಯನ್ನು ಮನೆಯಲ್ಲೇ ಮಾಡಿಸುತ್ತಿದ್ದವರು ಯಾರು, ಪ್ಲೇಗಿನ ವರ್ಷ ಊರು ಬಿಟ್ಟವರು ಎಲ್ಲಿ ಗುಡಿಸಲು ಹಾಕಿದ್ದರೆಂದು ಅಜ್ಜಿ ಹೇಳುತ್ತಿದ್ದರು, ಯಾವ ಬಾವಿಯಿಂದ ಯಾರು ನೀರು ಸೇದುವಂತಿರಲಿಲ್ಲ ಎಂಬುದೆಲ್ಲ ಬರುವುದು ಆ ಹೊತ್ತಿನಲ್ಲಿ. ಬಾವಿಯ ಮಾತು ಬಂದಾಗ ಸಭೆಗೆ ಇರುಸುಮುರುಸಾಗುತ್ತದೆ. ಪಾರಂಪರಿಕ ನಡಿಗೆ ಎಂದು ಮಕ್ಕಳನ್ನು ಕರೆದುಕೊಂಡು ಹೊರಡುವ ಸಂಘಗಳು ಅಗ್ರಹಾರದಿಂದ ಪೇಟೆಗೆ, ಪೇಟೆಯಿಂದ ಕೋಟೆಗೆ ಹೋಗಿ ತಿರುಗಿಬಿಡುತ್ತವೆ. ದಲಿತರ ಕೇರಿಯಲ್ಲಿ ಪೂಜೆಗೊಳ್ಳುವ ವೀರಗಲ್ಲು ನಕ್ಷೆಯಲ್ಲಿ ಇರುವುದಿಲ್ಲ. ಇಲಾಖೆಯ ಪಟ್ಟಿಯಲ್ಲೂ ಅದು ಇಲ್ಲವೆಂದು ಸಮಜಾಯಿಷಿ ಹೇಳಬಹುದು, ಪಟ್ಟಿಯಲ್ಲಿಲ್ಲದ್ದನ್ನು ನೋಡಲಿಕ್ಕೇ ಅಲ್ಲವೇ ಊರಿನ ಸಂಘ ಇರುವುದು?

ಸ್ವಯಂಸೇವೆಯ ಬಗ್ಗೆ ನಮ್ಮಲ್ಲಿ ಸ್ವಲ್ಪ ಭಾವುಕತೆ ಹೆಚ್ಚು. ಕಲ್ಯಾಣಿಯ ಹೂಳೆತ್ತುವ ಎನ್‌ಎಸ್‌ಎಸ್ ಶಿಬಿರದ ಹುಡುಗರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಬರಲಿ. ಏಳು ದಿನದ ಶಿಬಿರ ಮುಗಿದ ಮೇಲೆ ಕಲ್ಯಾಣಿಗೆ ಕಸ ಬೀಳದಂತೆ ನೋಡಿಕೊಳ್ಳುವವರ ಫೋಟೊ ಬರುವುದಿಲ್ಲ. ಇತಿಹಾಸ ಸಂಘದ ಕೆಲಸದ ಬಹುಪಾಲು ಆ ಎರಡನೆಯ ಬಗೆಯದು: ಕ್ರಮಸಂಖ್ಯೆ ಹಾಕುವುದು, ತಾರೀಖು ಬರೆಯುವುದು, ಹೇಳಿದವರ ಹೆಸರು ಮತ್ತು ವಯಸ್ಸು ಕೇಳುವುದು, ಪ್ರಕಟಿಸಬಹುದೇ ಎಂದು ಒಪ್ಪಿಗೆ ಪಡೆಯುವುದು, ಕಾಗದಕ್ಕೆ ಗೆದ್ದಲು ಹತ್ತಿದೆಯೇ ಎಂದು ತಿಂಗಳಿಗೊಮ್ಮೆ ತೆರೆದು ನೋಡುವುದು. ಬೇಸರದ ಕೆಲಸ. ಇದನ್ನು ಪ್ರಮಾಣಪತ್ರದ ಆಸೆಗೆ ಬಂದ ಇಪ್ಪತ್ತು ವಿದ್ಯಾರ್ಥಿಗಳಿಗಿಂತ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಮೂವತ್ತು ವರ್ಷ ಲೆಜರು ಬರೆದ ಒಬ್ಬರು ಚೆನ್ನಾಗಿ ಮಾಡುತ್ತಾರೆ. ವಿದ್ಯಾರ್ಥಿಗಳನ್ನು ಅವರ ಪಕ್ಕದಲ್ಲಿ ಕೂರಿಸಬೇಕು. ಅಜ್ಜಿಯ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುವುದು ಆ ಮಕ್ಕಳಿಗೆ ಸಲೀಸು, ಯಾವ ಪ್ರಶ್ನೆ ಕೇಳಬೇಕೆಂಬುದು ಈ ಹಿರಿಯರಿಗೆ ಗೊತ್ತು.

ಹೀಗೆ ವಿವರಗಳನ್ನು ವಹಿಯಲ್ಲಿ ಬರೆದಿಡುವುದರಿಂದ ಆಗುವ ಒಂದು ಲಾಭ ಸಂಘದ ಆಯುಷ್ಯಕ್ಕೆ ಸಂಬಂಧಿಸಿದ್ದು. ನಮ್ಮ ಹೆಚ್ಚಿನ ಸಂಘಗಳು ಒಬ್ಬರ ಬೆನ್ನ ಮೇಲೆ ನಡೆಯುತ್ತವೆ, ಅವರು ಹೋದ ವರ್ಷ ಮುಚ್ಚುತ್ತವೆ. ಅವರು ಕೂಡಿಸಿದ ಬೀಸುವ ಕಲ್ಲುಗಳನ್ನು ಹೊರಲು ಯಾರೂ ಇರುವುದಿಲ್ಲ. ವಹಿಯನ್ನು ನಕಲು ಮಾಡಬಹುದು. ಒಂದು ಪ್ರತಿ ತಾಲ್ಲೂಕು ಗ್ರಂಥಾಲಯಕ್ಕೆ, ಒಂದು ಹತ್ತಿರದ ಕಾಲೇಜಿಗೆ, ಒಂದು ಇಲಾಖೆಗೆ ಕಳಿಸಿದರೆ ಕೊಠಡಿ ಪುರಸಭೆಗೆ ವಾಪಸು ಹೋದರೂ ಊರಿಗೆ ನಷ್ಟವಿಲ್ಲ. ಇಲ್ಲಿ ಹವ್ಯಾಸಿಯೂ ಪರಿಣತನೂ ಮತ್ತೆ ಭೇಟಿಯಾಗುತ್ತಾರೆ. ಮುಂದೆಂದೋ ಒಬ್ಬ ಸಂಶೋಧಕಿ ಬಂದು ಅದನ್ನು ತೆರೆದಾಗ ಈ ವಹಿ ಆಕೆಗೆ ಆಧಾರವಾಗಬೇಕಾದರೆ, ಅದರಲ್ಲಿ ಸಂಘದ ಅಭಿಪ್ರಾಯ ಆದಷ್ಟು ಕಡಿಮೆ ಇರಬೇಕು.

ಎಲ್ಲರಿಗೂ ಕಷ್ಟವಾಗುವುದು ಇದು. ಊರ ಬಾಗಿಲ ಮುಂದಿನ ಕಟ್ಟೆಯನ್ನು ನಮ್ಮ ಮುತ್ತಜ್ಜ ಕಟ್ಟಿಸಿದ್ದು ಎಂದು ಎರಡು ಮನೆತನದವರೂ ಬಂದು ಹೇಳುತ್ತಾರೆ. ಒಬ್ಬರು ಸಂಘದ ಪೋಷಕರು, ಇನ್ನೊಬ್ಬರಿಗೆ ಸಂಘದ ಮೆಟ್ಟಿಲು ಹತ್ತಿಯೂ ಗೊತ್ತಿಲ್ಲ. ಕಾರ್ಯದರ್ಶಿ ಎರಡನ್ನೂ ಬರೆದುಕೊಳ್ಳಬೇಕು, ಹೇಳಿದವರ ಹೆಸರು ಮತ್ತು ತಾರೀಖಿನೊಂದಿಗೆ, ಬಂದ ಕ್ರಮದಲ್ಲಿ. ಪೋಷಕರು ಸಿಟ್ಟಾಗಿ ಮುಂದಿನ ವರ್ಷದ ಚಂದಾ ನಿಲ್ಲಿಸಿದರೆ ಆ ವರ್ಷ ಶಾಮಿಯಾನ ಹಾಕಿಸುವುದು ಬೇಡ.